ಮಂಜು ಇದೆಯಾ ನೋಡು

ಕಿಟಕಿಯ ಗಾಜಿನ ಮೇಲೆ ಒಂದು ಹನಿ ಇಳಿಯುತ್ತಿದೆ, ಅರ್ಧಕ್ಕೆ ಬಂದು ನಿಂತಿತು, ಇನ್ನೊಂದು ಬಂದು ಅದರ ಜೊತೆ ಸೇರಿತು, ಎರಡೂ ಕೂಡಿ ಸರ್ರನೆ ಕೆಳಗೆ — ಬೀಳುವುದಕ್ಕೆ ಎಷ್ಟು ಹೊತ್ತು ಬೇಕು ಅಂದುಕೊಂಡಳು ರೋವೀನಾ, ಅಂದುಕೊಂಡವಳೇ ಬಿಡ್ತು ಬಿಡ್ತು ಎಂದು ನಾಲಿಗೆ ಕಚ್ಚಿಕೊಂಡಳು, ವಿಮಾನದೊಳಗೆ ಕೂತು ಬೀಳುವ ಮಾತು ಯಾರಾದರೂ ಎತ್ತುತ್ತಾರೆಯೇ, ಅದೂ ತಲೆ ನರೆತ ಮೇಲೆ ಮೊದಲ ಸಲ ಹತ್ತಿದವಳು, ವಿಮಾನಗಳಿಗೆಂದೇ ಕಾಡು ಕಡಿದು ಕಟ್ಟಿದ ಈ ಗ್ಯಾಂಡರ್ ಊರಿನಲ್ಲಿ ಹುಟ್ಟಿ ಬೆಳೆದು ಇಷ್ಟು ವರ್ಷ ಒಂದು ವಿಮಾನದ ಒಳಗೂ ಕಾಲಿಡದವಳು, ಅಂಗಡಿಯ ಬೀದಿಯಲ್ಲಿ ಹುಡುಗರು ನಗುತ್ತಾರೆ, ಮೀನಿಗೆ ನೀರಿನ ಭಯ ನೋಡ್ರೋ ಅಂತ. ನಗಲಿ. ಸೊಂಟದ ಪಟ್ಟಿ ಬಿಗಿಯುತ್ತಿದೆ, ಮಡಿಲಲ್ಲಿ ಚೀಲ, ಚೀಲದಲ್ಲಿ ಹುಟ್ಟಲಿರುವ ಮಗುವಿಗೆ ಹೆಣೆದ ಟೋಪಿ, ಗುಡ್ಡದ ಹುಳಿಹಣ್ಣಿನ ಜಾಮು, ನಾಲ್ಕು ಕಾಗದ ಸುತ್ತಿದರೂ ನಾತ ಬಿಡದ ಉಪ್ಪುಮೀನು, ಮಗಳು ಜನೀನ್ ಕೇಳಿದ್ದಾಳೆ, ಅಮ್ಮಾ ಎಡ್ಮಂಟನ್‌ನಲ್ಲಿ ಎಲ್ಲಾ ಸಿಗತ್ತೆ, ಅದೊಂದು ಸಿಗಲ್ಲ, ತಗೊಂಡ್ ಬಾ, ಮತ್ತೆ, ಈ ಸಲ ಬರ್ತೀಯಾ ತಾನೇ, ಅಂದಿದ್ದಳು. ನಾಳೆ ಬೆಳಿಗ್ಗೆ ಹೊಟ್ಟೆ ಕುಯ್ದು ಮಗುವನ್ನು ಹೊರಗೆ ತೆಗೆಯುತ್ತಾರೆ, ದಿನ ತುಂಬುವ ಮುಂಚೆಯೇ, ಬಿಟ್ಟರೆ ಇಬ್ಬರಿಗೂ ಕಷ್ಟ ಅಂದಿದ್ದಾರೆ ಡಾಕ್ಟರು, ಅಳಿಯ ಉತ್ತರದ ಎಣ್ಣೆ ಗಣಿಯಲ್ಲಿದ್ದಾನೆ, ಹಿಮ ಬಿದ್ದು ದಾರಿ ಮುಚ್ಚಿದೆ, ಅವಳ ಪಕ್ಕ ಯಾರೂ ಇಲ್ಲ, ಅಮ್ಮ ಬಿಟ್ಟರೆ ಯಾರೂ ಇಲ್ಲ, ಅಮ್ಮ ಇಲ್ಲಿ ಕೂತಿದ್ದಾಳೆ, ಹೊರಗೆ ಮಂಜು, ರೆಕ್ಕೆಯ ತುದಿಯೂ ಕಾಣದ ಮಂಜು, ಬಾಗಿಲು ಇನ್ನೂ ತೆರೆದೇ ಇದೆ, ಅಲ್ಲಿಂದ ಒದ್ದೆ ಗಾಳಿ ಬಂದು ಕಾಲಿಗೆ ತಾಗುತ್ತಿದೆ. ವಿಮಾನದ ಹುಡುಗಿ ನಡುದಾರಿಯಲ್ಲಿ ನಿಂತು ಹೇಳುತ್ತಿದ್ದಾಳೆ, ಮಂಜು ಸ್ವಲ್ಪ ಸರಿದ ತಕ್ಷಣ ಹೊರಡ್ತೀವಿ, ಯಾರಿಗಾದ್ರೂ ಬೇಡ ಅನ್ಸಿದ್ರೆ ಈಗ್ಲೇ ಇಳೀಬಹುದು, ಬಾಗಿಲು ಹಾಕಿದ ಮೇಲೆ ಆಗಲ್ಲ. ಈಗಲೇ ಇಳಿಯಬಹುದು. ಎಷ್ಟು ಮೃದುವಾಗಿ ಹೇಳಿಬಿಟ್ಟಳು, ಯಾರನ್ನೋ ನೋಡಿ ಹೇಳಿದಳೇ, ನನ್ನನ್ನೇ ನೋಡಿ ಹೇಳಿದಳೇ, ಮುಖದ ಮೇಲೆ ಬರೆದಿದೆಯೇ.

ಬಾರೋ ಮಂಜೇ ಬಾರೋ, ಹೋಗೋರ ದಾರಿ ಮುಚ್ಚೋ — ಎಲ್ಲಿಂದ ಬಂತು ಇದು, ಯಾರೂ ಕರೆಯದೆ ನಾಲಿಗೆಗೆ ಬಂತು, ಆಗ ಊರಿನ ಮಕ್ಕಳೆಲ್ಲ ಕೂಗುತ್ತಿದ್ದದ್ದು, ಸಾಗರ ದಾಟುವ ವಿಮಾನಗಳೆಲ್ಲ ಎಣ್ಣೆ ತುಂಬಿಸಿಕೊಳ್ಳಲು ಇಲ್ಲೇ ಇಳಿಯುತ್ತಿದ್ದ ಕಾಲ, ಜೆಟ್ಟುಗಳು ಬಂದು ತಲೆಯ ಮೇಲಿಂದಲೇ ಹಾರಿಹೋಗುವ ಮುಂಚಿನ ಕಾಲ, ಸಿನಿಮಾದವರು, ಹಾಡುವವರು, ಗದ್ದುಗೆ ಕಳೆದುಕೊಂಡ ರಾಜರು, ಎಲ್ಲರೂ ಇಲ್ಲೇ, ನಿಲ್ದಾಣದ ಚಹಾದಂಗಡಿಯಲ್ಲಿ ಕೆಲಸಕ್ಕಿದ್ದ ರೋವೀನಾಳ ಅಮ್ಮ ಒರೆಸಿದ ಮೇಜಿನ ಮೇಲೆ ಮೊಣಕೈ ಊರಿ ಡಬ್ಬಿಹಾಲಿನ ಚಹಾ ಕುಡಿಯುತ್ತಿದ್ದರು. ಮಂಜು ಬಂದರೆ ಹೋಗಲಾರದೆ ಗಂಟೆಗಟ್ಟಲೆ ಕೂರುತ್ತಿದ್ದರು, ಮಂಜು ಬಂತೋ, ಊರಿನ ಮಕ್ಕಳು ಚರ್ಚಿನ ಬಟ್ಟೆ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ವಿಮಾನ ನಿಲ್ದಾಣಕ್ಕೆ ಓಟ. ನೋಡಿ, ಮುಟ್ಬೇಡಿ, ಏನೂ ಕೇಳ್ಬೇಡಿ, ಅಮ್ಮನ ಕಟ್ಟಪ್ಪಣೆ, ಅವ್ರೂ ಮನುಷ್ಯರೇ, ನೋಡದೇ ಇರೋ ಹಾಗೆ ನೋಡ್ಬೇಕು. ನೋಡದ ಹಾಗೆ ನೋಡುವ ಆ ವಿದ್ಯೆ ಊರಿಗೆ ಊರೇ ಕಲಿತಿತ್ತು, ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿ ನೋಡುವುದು, ಗಡಿಯಾರ ನೋಡುವ ನೆಪದಲ್ಲಿ ತಲೆಯೆತ್ತಿ ನೋಡುವುದು. ಆದರೆ ಅಜ್ಜಿಯ ಮನೆ ಕಡಲ ದಂಡೆಯ ಮೇಲಿತ್ತು, ಅಲ್ಲಿ ಎಲ್ಲ ತಿರುಗಾಮುರುಗಾ, ಒಂದು ಬೇಸಿಗೆಯಲ್ಲಿ ಅಜ್ಜ ದೋಣಿ ತೆಗೆದುಕೊಂಡು ಹೋಗಿದ್ದ, ಊಟದ ಮೇಜಿಗೆ ಕೂತ ರೋವೀನಾ ಸುಮ್ಮನೆ ಹಾಡಿಕೊಂಡಳು, ಬಾರೋ ಮಂಜೇ ಬಾರೋ — ಪಟಾರನೆ ಬಿತ್ತು ಕೆನ್ನೆಗೆ. ಏನೇ ಅಂದೆ, ಮೂದೇವಿ, ಸಮುದ್ರಕ್ಕೆ ಹೋದೋರ ಮನೇಲಿ ಕೂತು ಮಂಜನ್ನ ಕರೀತೀಯಾ, ಅಜ್ಜಿಯ ತುಟಿ ಬಿಳುಚಿಕೊಂಡಿತ್ತು, ಕೈಯಲ್ಲಿ ಇನ್ನೂ ಸೌಟು. ಅಜ್ಜ ಸಂಜೆಗೆ ಬಂದ, ನೆಟ್ಟಗೇ ಬಂದ, ಬುಟ್ಟಿ ತುಂಬ ಮೀನು ತಂದ, ಆದರೆ ಅವತ್ತಿನಿಂದ ಗೊತ್ತಾಯಿತು ಅವಳಿಗೆ, ಕರೆದರೆ ಅದು ಕೇಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಅಜ್ಜಿಗೆ ಅಷ್ಟು ಭಯ ಯಾಕೆ.

ಕೇಳಿಸಿಕೊಂಡಿತಲ್ಲ, ಕ್ಲಾರಿಸ್ ವೇನ್ ಬಂದ ದಿನ ಕೇಳಿಸಿಕೊಂಡಿತಲ್ಲ. ಕ್ಲಾರಿಸ್ ವೇನ್ ಅಂದರೆ ಸಾಮಾನ್ಯಳೇ, ಓಡುವ ರೈಲಿನಿಂದ ಕುದುರೆಯ ಮೇಲೆ ಹಾರಿದವಳು, ಹಾವನ್ನು ಕೊರಳಿಗೆ ಹಾಕಿಕೊಂಡು ಕಳ್ಳರ ಗುಹೆಗೆ ನುಗ್ಗಿದವಳು, ಚರ್ಚಿನ ಹಿಂದಿನ ಸಭಾಂಗಣದಲ್ಲಿ ಬಿಳಿ ದುಪ್ಪಟಿ ಕಟ್ಟಿ ಅವಳ ಸಿನಿಮಾ ತೋರಿಸಿದಾಗ ಅಣ್ಣ ಸೆಲ್ಬಿ ಬೆಂಚಿನ ಮೇಲೆ ಹತ್ತಿ ಶಿಳ್ಳೆ ಹೊಡೆದು ಒದೆ ತಿಂದಿದ್ದ. ಆ ಸೆಲ್ಬಿಯೋ, ಒಬ್ಬ ಕುಸ್ತಿ ಪೈಲ್ವಾನ ಕೈಕುಲುಕಿದ ಎಂದು ಒಂದು ವಾರ ಕೈ ತೊಳೆಯದವನು, ಮೀನಿನ ನಾತ ಬರ್ತಿದೆ ತೊಳ್ಕೊಳ್ಳೋ ಅಂದರೆ ಇದು ಚಾಂಪಿಯನ್ ನಾತ ಕಣೇ ಅನ್ನುತ್ತಿದ್ದವನು, ಅವತ್ತು ಜ್ವರ ಬಂದು ಮಲಗಿದ್ದ, ಅವನ ಕರ್ಮ. ರೋವೀನಾ ಒಬ್ಬಳೇ ಅಮ್ಮನ ಜೊತೆ ಹೋಗಿದ್ದಳು, ಏಳು ವರ್ಷ, ನೀಲಿ ಕೋಟು, ಗಾಜಿನ ಬಾಗಿಲ ಪಕ್ಕ ನಿಂತು ಕರೆದಳು, ಬಾರೋ ಮಂಜೇ ಬಾರೋ, ಬಂತು, ಓಡುದಾರಿಯ ದೀಪಗಳು ಒಂದೊಂದಾಗಿ ಆರಿದ ಹಾಗೆ ಮುಚ್ಚಿಕೊಂಡು ಬಂತು, ವಿಮಾನ ನಿಂತಿತು, ಊರಿಗೊಬ್ಬನೇ ಫೋಟೋದವನು ಲಿಯಾಂಡರ್, ಈ ಮಂಜಿನಲ್ಲಿ ಯಾವ ಫೋಟೋ ಬರತ್ತೆ ಅಂತ ಗೊಣಗಿ ಊಟಕ್ಕೆ ಮನೆಗೆ ಹೋದ, ಕ್ಲಾರಿಸ್ ವೇನ್ ಅಲ್ಲೇ, ಹತ್ತು ಮೊಳ ದೂರದಲ್ಲಿ, ತುಪ್ಪಳದ ಕೋಟಿನಲ್ಲಿ. ಎಷ್ಟು ಸಣ್ಣವಳು ಅನ್ನಿಸಿತ್ತು, ಪರದೆಯ ಮೇಲೆ ಗೋಡೆಯಷ್ಟು ಇದ್ದಳಲ್ಲ. ಬಟ್ಟಲು ಎತ್ತಿದಳು, ಬಟ್ಟಲು ತಟ್ಟೆಗೆ ತಾಗಿ ಕಿಣಿಕಿಣಿ, ಇಳಿಸಿದಳು, ಕಿಣಿಕಿಣಿ, ಕುಡಿಯಲೇ ಇಲ್ಲ, ಅಮ್ಮ ಹೋಗಿ ಚೆಲ್ಲಿದ ಚಹಾ ಒರೆಸಿ ಬಂದಳು. ರೋವೀನಾ ಕರೆಯುತ್ತಲೇ ಇದ್ದಳು, ಬಾಯಿ ಒಣಗುವವರೆಗೂ, ಆಮೇಲೆ ಅಮ್ಮ ಕಾಕಂಬಿ ಹಚ್ಚಿದ ಬ್ರೆಡ್ಡು ಕೊಟ್ಟಳು, ತಿನ್ನು, ನಿಂತೂ ನಿಂತೂ ಕಾಲು ನೋವು ಬರತ್ತೆ, ತಿಂದಳು, ತಿನ್ನುವಾಗ ಹಾಡು ನಿಂತಿತು, ನಿಂತದ್ದು ಅವಳಿಗೆ ತಿಳಿಯಲಿಲ್ಲ.

ವಿಮಾನ ಹೊರಡತ್ತೆ ಎಂದು ಕೂಗಿದರು, ಎಲ್ಲರೂ ಎದ್ದರು, ಕ್ಲಾರಿಸ್ ವೇನ್ ಏಳಲಿಲ್ಲ. ಟೋಪಿಯ ಗಂಡಸೊಬ್ಬ ಬಂದು ಬಗ್ಗಿ ಏನೋ ಅಂದ, ಅವಳು ತಲೆಯಾಡಿಸಿದಳು, ಅವನು ಗಡಿಯಾರ ನೋಡಿಕೊಂಡು ಆಚೆ ಹೋದ, ಆಗ ಅವಳು ಎದ್ದು ನೇರ ಗಾಜಿನ ಬಾಗಿಲ ಹತ್ತಿರ ಬಂದಳು, ಬಂದೇ ಬಂದಳು, ಸುಗಂಧದ ಜೊತೆ ಹುಳಿ ಬೆವರಿನ ವಾಸನೆ, ಅಜ್ಜ ಬಲೆ ಎಳೆದು ಬಂದಾಗ ಬರುತ್ತಿದ್ದಂಥದೇ, ಬಂದು ರೋವೀನಾಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿದಳು ಅಂದರೆ ಮುಳುಗುವವರು ಹಿಡಿದ ಹಾಗೆ. ಪುಟ್ಟೀ, ನಾನು ನೋಡ್ಲಾರೆ, ನೀನು ನೋಡು, ಹೊರಗೆ ಮಂಜು ಇದೆಯಾ? ಇದೆ ಅಂತ ಹೇಳು. ಕಣ್ಣಿನ ಕಪ್ಪು ಕರಗಿ ಮೂಲೆಯಲ್ಲಿ ಮುದ್ದೆಯಾಗಿತ್ತು, ಹಾವು ಹಿಡಿದ ಕೈ, ಕುದುರೆಯ ಲಗಾಮು ಹಿಡಿದ ಕೈ, ಆ ಕೈ ಈಗ ಇವಳ ಕೈಗೆ ಜೋತುಬಿದ್ದಿತ್ತು. ರೋವೀನಾ ತಿರುಗಿ ನೋಡಿದಳು. ದೀಪಗಳು ಕಾಣುತ್ತಿದ್ದವು, ಆಚೆ ತುದಿಯ ಮರಗಳೂ. ಸುಳ್ಳು ಹೇಳಬಹುದಿತ್ತು, ಹೇಳಿದರೆ ಏನಾಗುತ್ತಿತ್ತು, ಏಳು ವರ್ಷದವಳ ಮಾತು ಕೇಳಿ ಯಾರು ವಿಮಾನ ನಿಲ್ಲಿಸುತ್ತಾರೆ, ಆದರೂ ಹೇಳಬಹುದಿತ್ತು. ಇಲ್ಲ ಮೇಡಂ, ಬಯಲಾಯ್ತು, ಅಂದಳು, ಅಂದದ್ದೇ ಗೊತ್ತು. ಕ್ಲಾರಿಸ್ ವೇನ್ ಸುಮ್ಮನೆ ಬಗ್ಗಿ ತಾನು ಹಿಡಿದ ಜಾಗವನ್ನು ನೋಡಿದಳು, ಉಗುರು ಇಳಿದ ಗುರುತು, ಸಣ್ಣ ಸಣ್ಣ ಚಂದ್ರ, ಕೆಂಪು. ಬಿಟ್ಟಳು. ಹೊರಗೆ ನಡೆದಳು, ವಿಮಾನದ ಮೆಟ್ಟಿಲ ಮೇಲೆ ಹೋಗಿ ತಿರುಗಿ ನಿಂತು ನಕ್ಕಳು, ಪೋಸ್ಟರಿನಲ್ಲಿ ಇದ್ದದ್ದೇ ನಗು, ಹಲ್ಲೆಲ್ಲ ಬೆಳಗುವ ನಗು, ಅದನ್ನು ನೋಡಿದಾಗ ರೋವೀನಾಳಿಗೆ ಉಚ್ಚೆ ಬರುವಷ್ಟು ಹೆದರಿಕೆಯಾಯಿತು, ಇವಳೇ ಇಷ್ಟು ಹೆದರಿದ್ದಾಳೆ ಅಂದರೆ ಅದರೊಳಗೆ ಏನಿದೆ, ಆ ಬಾಗಿಲೊಳಗೆ ಏನಿದೆ. ಮನೆಗೆ ಬಂದು ಹೇಳಿದರೆ ಸೆಲ್ಬಿ ಜ್ವರದಲ್ಲೂ ನಕ್ಕ, ಹೋಗೇ ಸುಳ್ಳಿ, ಕ್ಲಾರಿಸ್ ವೇನ್ ಹೆದರ್ತಾಳಂತೆ, ನಿನ್ನ ಕೈ ಹಿಡೀತಾಳಂತೆ, ಬೆಕ್ಕು ಪರಚಿದ್ದು ಅಷ್ಟೇ. ಅಮ್ಮನೂ ನಂಬಲಿಲ್ಲ, ಯಾರೂ ನಂಬಲಿಲ್ಲ, ಮುಂದಿನ ತಿಂಗಳ ಪತ್ರಿಕೆಯಲ್ಲಿ ಆಕೆ ಪ್ಯಾರಿಸ್‌ನಲ್ಲಿ ಛತ್ರಿ ಹಿಡಿದು ನಗುತ್ತಿದ್ದ ಚಿತ್ರ ಬಂತು, ನೋಡು, ಚೆನ್ನಾಗೇ ಇದ್ದಾಳೆ, ಅಂದ ಸೆಲ್ಬಿ, ಇದ್ದಳು, ಚೆನ್ನಾಗೇ ಇದ್ದಳು, ಆದರೆ ಚಿತ್ರದಲ್ಲಿ ಕೈಗವಸು ಹಾಕಿದ್ದಳು, ಕೈ ಕಾಣುತ್ತಿರಲಿಲ್ಲ. ಗುರುತು ಎರಡು ದಿನಕ್ಕೆ ಮಾಸಿತು. ಹೆದರಿಕೆ ಮಾಸಲಿಲ್ಲ, ಅದು ಬೆಳೆದು, ಮದುವೆಯಾಗಿ, ಮಗಳನ್ನು ಹೆತ್ತು, ಗಂಡನನ್ನು ಮಣ್ಣು ಮಾಡಿ, ಇಲ್ಲಿಯವರೆಗೆ ಅವಳ ಜೊತೆಯೇ ನಡೆದು ಬಂತು.

ಹೋದ ಸಲವೂ ಇಲ್ಲಿಯವರೆಗೆ ಬಂದಿದ್ದಳು, ಮೆಟ್ಟಿಲಿನವರೆಗೆ, ಜನೀನ್‌ಗೆ ಹಿಂದಿನ ಬಸಿರಿನ ಆರನೇ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಾಗ, ಅಮ್ಮಾ ಬಾ ಅಂದಾಗ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು, ಮಣಿಕಟ್ಟಿನಲ್ಲಿ ಆ ಹಿಡಿತ, ಹಿಂದಕ್ಕೆ ತಿರುಗಿ ನಡೆದುಬಿಟ್ಟಳು, ಮನೆಗೆ ಬಂದು ಫೋನು ಮಾಡಿ, ಮಂಜು ಕಣಮ್ಮಾ, ವಿಮಾನ ಹೊರಡ್ಲಿಲ್ಲ, ನಾಳೆ ನೋಡ್ತೀನಿ. ಆಮೇಲೆ ಜನೀನ್, ದಣಿದ ದನಿ, ಜಗಳವೂ ಇಲ್ಲದ ದನಿ, ಇಲ್ಲಿ ಟೀವಿ ಹಾಕಿದ್ದಾರಮ್ಮಾ, ಗ್ಯಾಂಡರ್‌ನಲ್ಲಿ ಬಿಸಿಲು ಅಂತ ತೋರಿಸಿದ್ರು. ಅಷ್ಟೇ. ನಾಳೆ ಬರುವಷ್ಟರಲ್ಲಿ ಮಗು ಹೋಗಿತ್ತು, ಹೆಣ್ಣು ಮಗುವಂತೆ, ಅದನ್ನು ಜನೀನ್ ಒಬ್ಬಳೇ ಎತ್ತಿಕೊಂಡು ಕೂತಿದ್ದಳಂತೆ, ನರ್ಸು ಬಂದು ಕೇಳುವವರೆಗೂ. ಈ ಸಲ ನಿಜವಾಗಿಯೂ ಮಂಜು, ಟೀವಿಯಲ್ಲೂ ತೋರಿಸುತ್ತಾರೆ, ಈಗ ಇಳಿದರೆ ಅದು ಸುಳ್ಳಲ್ಲ, ಪಟ್ಟಿ ಬಿಚ್ಚಿ, ಎದ್ದು, ಆರು ಹೆಜ್ಜೆ ನಡೆದರೆ ಬಾಗಿಲು — ಬಾರೋ ಮಂಜೇ, ಇರೋ ಮಂಜೇ, ಹೋಗಬೇಡ — ಛೀ, ಮಗಳ ಹೊಟ್ಟೆಯ ಮೇಲೆ ಕತ್ತಿ ಇಡುವ ಹೊತ್ತಿನಲ್ಲಿ ಇದೇನು ಬೇಡುತ್ತಿದ್ದೇನೆ, ಅಜ್ಜಿ ಇದ್ದಿದ್ದರೆ ಇನ್ನೊಂದು ಕೆನ್ನೆಗೂ ಕೊಡುತ್ತಿದ್ದಳು, ಕೊಡಬೇಕು, ಆದರೂ ಬೆರಳುಗಳು ಪಟ್ಟಿಯ ಕೊಂಡಿ ಹುಡುಕುತ್ತಿವೆ, ಸಿಕ್ಕಿತು, ತಣ್ಣಗಿದೆ. ಅಜ್ಜೀ, ನಿಮ್ಮ ಚೀಲ ಯಾಕೆ ನಾರ್ತಿದೆ, ಅಂದಿತು ಕಿಟಕಿಯ ಪಕ್ಕದ ಹುಡುಗಿ. ಟ್ರೂಡಿ ಅಂತೆ ಹೆಸರು, ಮುಂದಿನ ಹಲ್ಲು ಬಿದ್ದಿದೆ, ಆಚೆ ಸಾಲಿನಲ್ಲಿ ಅಪ್ಪ, ಆಗಲೇ ಬಾಯಿ ತೆರೆದು ನಿದ್ದೆ. ಮೀನು ಪುಟ್ಟೀ, ನನ್ನ ಮಗಳಿಗೆ, ಅಂದಳು. ನಿಮ್ಮ ಮಗಳು ಬೆಕ್ಕಾ, ಅಂದಿತು, ಕಿಸಕ್ಕನೆ ನಕ್ಕಿತು. ಆಗ ಮುಂದೆ ವಿಮಾನದ ಹುಡುಗಿ ಬಾಗಿಲಿನ ಹಿಡಿಗೆ ಕೈ ಹಾಕಿದಳು, ಯಾಕೆ ಹಾಕಿದಳು, ಇಷ್ಟು ಬೇಗ ಯಾಕೆ, ಕಿಟಕಿಯ ಕಡೆ ತಿರುಗಲು ಆಗುತ್ತಿಲ್ಲ, ಕತ್ತು ಮರಗಟ್ಟಿದೆ, ಪುಟ್ಟೀ, ನಾನು ನೋಡ್ಲಾರೆ, ನೀನು ನೋಡು, ಹೊರಗೆ ಮಂಜು ಇದೆಯಾ — ಯಾರ ದನಿ ಇದು. ಟ್ರೂಡಿ ಅಂಗೈಯಿಂದ ಗಾಜು ಒರೆಸಿತು, ಹನಿಗಳೆಲ್ಲ ಹೋದವು, ಮೂಗು ಒತ್ತಿ ನೋಡಿತು. ಇಲ್ಲ ಅಜ್ಜೀ. ದೀಪ ಕಾಣ್ತಿದೆ. ಅಲ್ಲಿ ಮರ ಕಾಣ್ತಿದೆ. ಆಮೇಲೆ, ಸಣ್ಣ ದನಿಯಲ್ಲಿ, ಅಜ್ಜೀ, ಕೈ ಬಿಡಿ, ನೋಯ್ತಿದೆ.

ಕೈ. ಯಾವಾಗ ಹಿಡಿದಳು, ಎಷ್ಟು ಹೊತ್ತಾಯಿತು, ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಾಯಿತು, ಬಾಗಿಲು ದಡಕ್ಕನೆ ಮುಚ್ಚಿತು, ಗಾಳಿ ನಿಂತಿತು, ಪಂಖಗಳು ಗುರ್ರ್ ಎಂದು ಸುತ್ತಲು ತೊಡಗಿ ಸೀಟು, ಚೀಲ, ಜಾಮಿನ ಸೀಸೆ, ಹಲ್ಲು, ಎಲ್ಲ ಅದುರುತ್ತಿವೆ, ಈಗ ಇಳಿಯಲಾಗದು, ದೇವರೇ, ಇಳಿಯಲಾಗದು, ಜನೀನ್, ಬರ್ತಿದ್ದೀನಿ ಕಣೇ, ಸಾಯುವಷ್ಟು ಹೆದರಿಕೆ, ಬರ್ತಿದ್ದೀನಿ. ಟ್ರೂಡಿ ನಗುತ್ತಿಲ್ಲ. ಅಗಲ ಕಣ್ಣು ಬಿಟ್ಟುಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಿದೆ, ಇಷ್ಟು ದೊಡ್ಡವರು ಇಷ್ಟು ಹೆದರಿದ್ದಾರೆ ಅಂದರೆ ಇದರೊಳಗೆ ಏನಿದೆ ಅಂತ, ಗೊತ್ತು, ಆ ನೋಟ ಗೊತ್ತು, ನೀಲಿ ಕೋಟಿನೊಳಗಿನ ನೋಟ — ಲಿಯಾಂಡರ್ ಊಟಕ್ಕೆ ಹೋಗಿದ್ದನಲ್ಲ. ಫೋಟೋದವನು ಇರಲೇ ಇಲ್ಲವಲ್ಲ. ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ, ಗಾಜಿನ ಹಿಂದೆ ಒಂದು ಮಗು ಬಿಟ್ಟರೆ ಯಾರೂ ಇರಲಿಲ್ಲ, ಮತ್ತೆ ಯಾರಿಗೆ ನಕ್ಕಳು ಕ್ಲಾರಿಸ್ ವೇನ್, ಅಷ್ಟು ಹೆದರಿಕೆಯಲ್ಲಿ, ಹಲ್ಲೆಲ್ಲ ಬೆಳಗಿ, ಯಾರಿಗೆ. ರೋವೀನಾ ತುಟಿಗಳನ್ನು ಅಗಲಿಸಿದಳು, ನಡುಗುತ್ತಿದ್ದವು, ಆದರೂ ಅಗಲಿಸಿದಳು, ಏನಿಲ್ಲ ಪುಟ್ಟೀ, ಅಂದಳು, ನನ್ನ ಮಗಳು ಬೆಕ್ಕೇ, ಅಂದಳು, ವಿಮಾನ ಓಡತೊಡಗಿತು, ಮರಗಳು ಓಡಿದವು, ಏನೋ ಒಂದು ಕೆಳಗೆ ಬಿಟ್ಟುಹೋಯಿತು, ಅವಳು ಹೊರಗೆ ನೋಡಲಿಲ್ಲ, ಕೆಳಗೆ ನೋಡಿದಳು, ಮಗುವಿನ ಮಣಿಕಟ್ಟನ್ನು, ಉಗುರು ಇಳಿದ ಗುರುತು, ಸಣ್ಣ ಸಣ್ಣ ಚಂದ್ರ, ಕೆಂಪು, ಇನ್ನೂ ಮಾಸಿಲ್ಲ, ಸಣ್ಣ ಸಣ್ಣ ಚಂದ್ರ, ಕೆಂಪು —