ಒಂಬತ್ತು ತೊಲೆ

“ಕುಣಿ ತೋಡೋರಿಗೆ ಅರವತ್ತು. ಉಪ್ಪಿಗೆ ಹದಿನೈದು, ವಿಭೂತಿಗೆ ಎಂಟು. ಹೊತ್ತೊಯ್ಯೋ ವಿಮಾನ, ಹೂವು ಎಲ್ಲಾ ಕೂಡಿ ನಲವತ್ತೈದು. ಭಜನಿಯವರಿಗೆ ಮೂವತ್ತು, ಅಯ್ಯನವರಿಗೆ ಇಪ್ಪತ್ತೊಂದು, ಬಿಳಿ ಬಟ್ಟಿಗೆ ಇಪ್ಪತ್ತಾರು.” ಗಾದಿಲಿಂಗಪ್ಪ ಬೆರಳು ಮಡಚುತ್ತ ನಿಂತಿದ್ದ. “ಇನ್ನೂರಾಹತ್ತು ಕೊಡವ್ವ.”

“ಇನ್ನೂರೈದು ಆಗತೈತಿ ಮಾವ,” ಎಂದಳು ಜಂಬಮ್ಮ, ಸೆರಗಿನ ಗಂಟಿನಿಂದ ನೋಟು ತೆಗೆಯುತ್ತ.

ಅವನು ಮತ್ತೊಮ್ಮೆ ಬೆರಳು ಮಡಚಿದ. “ಖರೇನ. ನಿಮ್ಮವ್ವ ಇದ್ದಿದ್ದರ ಇದ ಮಾತು ಅಂತಿದ್ದಳು,” ಎಂದವನು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ತೀರಿಕೊಂಡವಳು ಅವನ ಅಕ್ಕ. ಕುರುಗೋಡಿನ ಈ ಮನೆಯ ಅರ್ಧದಲ್ಲಿ ಅವನ ಸಂಸಾರ, ಅರ್ಧದಲ್ಲಿ ಅಕ್ಕ ದೊಡ್ಡಬಸಮ್ಮ. ಮೂವತ್ತು ವರ್ಷದಿಂದ ಅಡುಗೆಮನೆ ಎರಡಾದರೂ ಹಿತ್ತಲು ಒಂದೇ ಆಗಿತ್ತು.

ಪಡಸಾಲೆಯಲ್ಲಿ ದೊಡ್ಡಬಸಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ತಲೆ ಮಾತ್ರ ನಿಲ್ಲುತ್ತಿರಲಿಲ್ಲ. ಹಣೆಗೆ ಬಟ್ಟೆ ಸುತ್ತಿ ಹಿಂದಿನ ಗೋಡೆಗೆ ಕಟ್ಟಬೇಕು. ಕಟ್ಟಲು ಮೊಳೆ ಬೇಕು. ಕಲ್ಲಿನ ಗೋಡೆಗೆ ಬಡಿದ ಎರಡು ಮೊಳೆಯೂ ಸೊಟ್ಟಗಾದವು. ಗಾದಿಲಿಂಗಪ್ಪ ಕಾಳಿನ ಕೋಣೆಗೆ ಹೋಗಿ ಹುಡುಕಿ, ಔಡಲೆಣ್ಣೆಯ ಕಮಟು ವಾಸನೆಯ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದ. ಒಳಗೆ ಎರಡು ಕಬ್ಬಿಣದ ಕೊಂಡಿ. ಹೆಬ್ಬೆರಳ ದಪ್ಪ, ಗೇಣುದ್ದದ ಬಾಲ, ಒಂದಿಷ್ಟೂ ತುಕ್ಕಿಲ್ಲ.

“ಇವನ್ನ ಎದಕ ಇಟ್ಟಿದ್ದಳೋ,” ಎನ್ನುತ್ತ ಒಂದನ್ನು ಕಲ್ಲಿನ ಸಂದಿಗೆ ಬಡಿದು ಕೂರಿಸಿದ. ಬಟ್ಟೆ ಕಟ್ಟಿದ ಮೇಲೆ ದೊಡ್ಡಬಸಮ್ಮ ತಲೆ ಎತ್ತಿ, ಬಂದವರನ್ನೆಲ್ಲ ನೋಡುವಂತೆ ಕುಳಿತಳು. ಹೂವಿನ ಹಾರ ಬಂದು ಕೊಂಡಿ ಮುಚ್ಚಿಹೋಯಿತು.

ಮಾಳಿಗೆಯಿಂದ ಒಂದು ಚಿಟಿಕೆ ಮಣ್ಣು ಉದುರಿ ಅವಳ ಭುಜದ ಮೇಲೆ ಬಿತ್ತು. ಜಂಬಮ್ಮ ಅದನ್ನು ಕೈಯಿಂದ ಒರೆಸಿದಳು.

*

ಏಳು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಸಿರುಗುಪ್ಪದಲ್ಲಿದ್ದ ಜಂಬಮ್ಮನಿಗೆ ಮಾವನ ಕಾರ್ಡು ಬಂದಿತ್ತು. ಅಕ್ಕ ಮಾಳಿಗೆ ಕೀಳಿಸಿ ಆರ್‌ಸಿಸಿ ಹಾಕಿಸುತ್ತಾಳಂತೆ, ಗುತ್ತೇದಾರನೊಬ್ಬ ದಿನಾ ಬಂದು ಚಹಾ ಕುಡಿಯುತ್ತಾನೆ, ನನ್ನ ಮಾತು ಕೇಳುತ್ತಿಲ್ಲ, ನೀನು ಬಂದು ಹೋಗು.

ಜಂಬಮ್ಮ ಮೊದಲು ಕುರುಗೋಡಿಗೆ ಹೋಗಲಿಲ್ಲ, ಬಳ್ಳಾರಿಗೆ ಹೋದಳು. ಮರದ ಅಡ್ಡೆಯೊಂದರಲ್ಲಿ ಹಳೆಯ ತೇಗದ ತೊಲೆಗೆ ಏನು ಬೆಲೆ ಎಂದು ವಿಚಾರಿಸಿದಳು. ಮಾರುವವಳ ಹಾಗೆ ಒಮ್ಮೆ ಕೇಳಿ, ಇನ್ನೊಂದು ಅಡ್ಡೆಯಲ್ಲಿ ಕೊಳ್ಳುವವಳ ಹಾಗೆ ಕೇಳಿದಳು. ಮಾರಿದರೆ ಇನ್ನೂರು, ಕೊಂಡರೆ ಮುನ್ನೂರು. ಆಮೇಲೆ ಕುರುಗೋಡಿನ ಬಸ್ಸು ಹತ್ತಿದಳು.

ಗುತ್ತೇದಾರ ಪಡಸಾಲೆಯಲ್ಲೇ ಕುಳಿತಿದ್ದ. ಬಿಳಿ ಅಂಗಿ, ಬಾಯಲ್ಲಿ ಎಲೆಅಡಿಕೆ. ಕನ್ನಡದ ನಡುವೆ ತೆಲುಗು ಬೆರೆಸಿ, ಮಾತಿಗೊಮ್ಮೆ ಅಮ್ಮಾ ಅಮ್ಮಾ ಎನ್ನುತ್ತಿದ್ದ. ಪ್ರತಿ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊತ್ತು ಮಾಳಿಗೆಗೆ ಹಾಕುವ ಕಷ್ಟ ಇನ್ನು ಇಲ್ಲ, ದೀಪಾವಳಿಯೊಳಗೆ ಮನೆ ತಯಾರು ಎಂದ. ಒಟ್ಟು ಏಳು ಸಾವಿರ. ಎರಡು ಸಾವಿರ ಮೊದಲೇ. ಹಳೆಯ ತೊಲೆ, ಜಂತಿಗಳನ್ನು ಅವನೇ ಒಯ್ದು ಐನೂರು ಮುರಿದುಕೊಳ್ಳುತ್ತಾನೆ. ಉಳಿದ ನಾಲ್ಕೂವರೆ ಸಾವಿರಕ್ಕೆ ತಿಂಗಳಿಗೆ ನೂರೈವತ್ತರಂತೆ ಕಂತು.

ಜಂಬಮ್ಮ ಬಾಂಡು ಪೇಪರು ಕೇಳಿ ತೆಗೆದುಕೊಂಡು ಕೊನೆಯ ಸಾಲಿನವರೆಗೂ ಓದಿದಳು. ಅವಳು ಓದಿದ್ದು ಏಳನೆಯ ಇಯತ್ತೆ. ಆದರೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಗಂಡ ಎರ್ರಿಸ್ವಾಮಿ ಮನೆಗೆ ತರುತ್ತಿದ್ದ ಕಾಗದಗಳನ್ನು ನೋಡಿ ನೋಡಿ, ಮುಖ್ಯವಾದ ಮಾತನ್ನು ಯಾವಾಗಲೂ ಕೆಳಗೆ ಬರೆದಿರುತ್ತಾರೆ ಎಂಬುದು ಗೊತ್ತಿತ್ತು. ಕೆಳಗೆ ಇತ್ತು. ಎರಡು ಕಂತು ತಪ್ಪಿದರೆ ರಸ್ತೆಯ ಕಡೆಯ ಅರ್ಧ ಮನೆ ಬರೆದುಕೊಡತಕ್ಕದ್ದು. ಅಲ್ಲಿಯವರೆಗೆ ಪಟ್ಟಾ ಗುತ್ತೇದಾರನ ವಶದಲ್ಲಿರತಕ್ಕದ್ದು.

ಅವನು ಹೋದ ಮೇಲೆ ಅವ್ವನ ಮುಂದೆ ಕುಳಿತು ಲೆಕ್ಕ ಹೇಳಿದಳು.

“ಒಂಬತ್ತು ತೊಲಿ ಅದಾವ. ಬರೇ ತೊಲಿಗೇ ಸಾವಿರದ ಎಂಟುನೂರು ಬರತೈತಿ, ಆತ ಐನೂರು ಅಂತಾನ. ನಿನ್ನ ಚಟ್ನಿಪುಡಿ ತಿಂಗಳಿಗೆ ಎಷ್ಟು ಉಳಸತೈತಿ?”

“ತೊಂಬತ್ತು.”

“ನೂರೈವತ್ತು ಎಲ್ಲಿಂದ ತರ್ತಿ?”

ದೊಡ್ಡಬಸಮ್ಮ ಶೇಂಗಾ ಹುರಿಯುತ್ತಿದ್ದಳು. ಸೋಮವಾರಕ್ಕೊಮ್ಮೆ ಬುಟ್ಟಿ ಹೊತ್ತು ಬಳ್ಳಾರಿಯ ಬ್ರೂಸ್‌ಪೇಟೆಯ ಮೂರು ಅಂಗಡಿಗೆ ಚಟ್ನಿಪುಡಿ ಹಾಕಿಬರುತ್ತಿದ್ದಳು. ಅಂಚೆ ಕಚೇರಿಯ ಎರಡು ಸಾವಿರ ಆ ಪುಡಿಯಿಂದ ಹುಟ್ಟಿದ್ದು. ಅಂಥವಳು, ಪುಡಿಯ ಪೊಟ್ಟಣದಲ್ಲಿ ನಾಲ್ಕಾಣೆ ಬಿಡದವಳು, ಈ ಬಾಂಡಿಗೆ ಹೇಗೆ ಒಪ್ಪಿದಳು ಎಂದು ಜಂಬಮ್ಮನಿಗೆ ಆಶ್ಚರ್ಯ. ಎಷ್ಟು ಕೇಳಿದರೂ ಅವ್ವ ಹೇಳಿದ್ದು ಒಂದೇ, ದೀಪಾವಳಿಯೊಳಗೆ ಆಗಬೇಕಾಗಿತ್ತು ಅಂತ.

ಪಟ್ಟಾ, ಪಾಸ್‌ಬುಕ್ಕು ಎರಡನ್ನೂ ಜಂಬಮ್ಮ ತನ್ನ ಟ್ರಂಕಿಗೆ ಹಾಕಿಕೊಂಡಳು.

“ಆತು, ಒಯ್ಯಿ,” ಎಂದಳು ಅವ್ವ. ಊಟಕ್ಕೆ ಕೇಳದೆಯೇ ಮಗಳ ತಟ್ಟೆಗೆ ಎರಡು ಸಲ ಹುಣಸೆಕಾಯಿ ಚಟ್ನಿ ಬಡಿಸಿದಳು. ಜಂಬಮ್ಮನಿಗೆ ಆಗ ಬಸಿರಿನ ಮೂರನೆಯ ತಿಂಗಳು. ಇನ್ನೂ ಯಾರಿಗೂ ಹೇಳಿರಲಿಲ್ಲ.

*

ಹೊತ್ತು ನೆತ್ತಿಗೆ ಬಂದಿತ್ತು. ಭಜನೆಯವರು ತಾಳ ಕೆಳಗಿಟ್ಟು ನೀರು ಕುಡಿದರು. ಎದುರು ಮನೆಯ ಪಕ್ಕೀರಮ್ಮ ಕೋಲು ಊರಿಕೊಂಡು ಬಂದು ದೊಡ್ಡಬಸಮ್ಮನ ಪಾದ ಮುಟ್ಟಿದಳು. ಆಮೇಲೆ ಹೆಂಗಸರ ನಡುವೆ ಕುಳಿತಳು.

ಮಾತು ಮನೆಯ ಕಡೆಗೆ ಹೊರಳಿತು. ಜಂಬಮ್ಮ ಅವತ್ತು ಬರದಿದ್ದರೆ ಈ ಅಕ್ಕನ ಹೆಣ ಕೂರಿಸಲು ಗೋಡೆಯೂ ಇರುತ್ತಿರಲಿಲ್ಲ ಎಂದು ಒಬ್ಬಳು ಹೇಳಿದಳು. ಎಲ್ಲರೂ ಪಕ್ಕೀರಮ್ಮನ ಕಡೆ ನೋಡಿದರು. ಅದೇ ಗುತ್ತೇದಾರನಿಗೆ ಅದೇ ಬೇಸಿಗೆಯಲ್ಲಿ ಅವಳು ಹೆಬ್ಬೆಟ್ಟು ಒತ್ತಿದ್ದಳು. ಅವನು ಮಾಳಿಗೆ ಕಿತ್ತ, ತೊಲೆಗಳನ್ನು ಲಾರಿಗೆ ಹೇರಿದ, ಸಿಮೆಂಟು ತರುತ್ತೇನೆಂದು ಹೋದ. ಏಳು ಮಳೆಗಾಲ ಕಳೆದರೂ ಅವಳ ತಲೆಯ ಮೇಲೆ ತಗಡೇ.

“ನನ್ನ ಮನಿಗೇನು ಕಡಿಮಿ ಆಗೇತ್ರೇ,” ಎಂದಳು ಪಕ್ಕೀರಮ್ಮ. “ತಗಡಿನ ತೂತಿನಾಗ ಬೆಳದಿಂಗಳು ಪುಕ್ಕಟ ಬರತೈತಿ. ಕರೆಂಟ್ ಬಿಲ್ಲಿಲ್ಲ.”

ಹೆಣದ ಮುಂದೆ ನಗಬಾರದೆಂದು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಜಂಬಮ್ಮ ನಗಲಿಲ್ಲ. ಎಲ್ಲರೂ ತನ್ನನ್ನು ಹೊಗಳುವಾಗ ಅವಳಿಗೆ ಸಿರುಗುಪ್ಪದ ಬಸ್‌ ನಿಲ್ದಾಣ ಕಣ್ಣಿಗೆ ಬರುತ್ತಿತ್ತು.

*

ಅವಳ ಮೊದಲ ಬಾಣಂತನ ಕುರುಗೋಡಿನಲ್ಲೇ ಆಗಿತ್ತು. ಐದು ತಿಂಗಳು. ಅವ್ವ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೀರು ಕಾಯಿಸಿ ಎರೆಯುತ್ತಿದ್ದಳು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ, ಬ್ರೂಸ್‌ಪೇಟೆಯ ಅಂಗಡಿಯವರು ಬೆಲೆ ಇಳಿಸಲು ಹೇಳುವ ಸುಳ್ಳುಗಳನ್ನೆಲ್ಲ ಅವರ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ಮದುವೆಯಾದ ಮೇಲೆ ಜಂಬಮ್ಮ ಅಷ್ಟು ನಕ್ಕದ್ದು ಆ ಐದು ತಿಂಗಳಲ್ಲಿ ಮಾತ್ರ.

ಎರಡನೆಯ ಬಸಿರಿಗೂ ಅವ್ವ ಕರೆಯಲು ಬರುತ್ತಾಳೆಂದು ಕಾದಳು. ತವರಿನವರು ಬಂದು ಕರೆಯದೆ ಬಾಣಂತನಕ್ಕೆ ತಾನಾಗಿ ಹೊರಡುವ ಹಾಗಿಲ್ಲ. ಎಂಟು ತುಂಬಿದಾಗ ದೊಡ್ಡಬಸಮ್ಮ ಬಂದಳು. ಅಂಟಿನುಂಡಿ, ಚಟ್ನಿಪುಡಿ, ಹಳೆಯ ಮೆತ್ತನೆಯ ಸೀರೆಗಳ ಗಂಟು ತಂದಳು. ಎರಡು ದಿನ ಇದ್ದಳು. ಮೂರನೆಯ ದಿನ ಜಂಬಮ್ಮ ಅವಳನ್ನು ಬಸ್ಸಿಗೆ ಹತ್ತಿಸಲು ಹೋದಳು.

ಬಸ್ಸು ಬರಲು ತಡವಾಯಿತು. ಬಾ ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು ಜಂಬಮ್ಮ ಅವ್ವನ ಬಾಯನ್ನೇ ನೋಡಿದಳು. ಅವ್ವ ಮಳೆಯ ಮಾತಾಡಿದಳು, ಶೇಂಗಾ ದರದ ಮಾತಾಡಿದಳು. ಬಸ್ಸು ಬಂತು. ಕಿಟಕಿಯಿಂದ ಕೈ ಚಾಚಿ ಮಗಳ ಹೊಟ್ಟೆಯನ್ನೊಮ್ಮೆ ಮುಟ್ಟಿ, “ಹುಷಾರಿ,” ಎಂದಳು.

ಪಟ್ಟಾ ಕಿತ್ತುಕೊಂಡು ಬಂದ ಸಿಟ್ಟು ಅವ್ವನಿಗೆ ಇನ್ನೂ ಹೋಗಿಲ್ಲ ಎಂದುಕೊಂಡಳು ಜಂಬಮ್ಮ. ದೀಪಾವಳಿ ಮುಗಿದ ಮರುವಾರ ಅತ್ತೆಯ ಮನೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ಆಮೇಲೆ ಕುರುಗೋಡಿಗೆ ಹೋದದ್ದು ಹಬ್ಬಕ್ಕೆ, ಹುಣ್ಣಿಮೆಗೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು.

*

ಇಳಿಹೊತ್ತಿಗೆ ಮಣ್ಣು ಮುಗಿಯಿತು. ಎಲ್ಲರೂ ಬಂದು ಕಾಲು ತೊಳೆದುಕೊಂಡು, ಅವ್ವ ಕುಳಿತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪಕ್ಕೆ ಕೈಮುಗಿದು ಒಬ್ಬೊಬ್ಬರಾಗಿ ಹೊರಟರು. ಎರ್ರಿಸ್ವಾಮಿ ಭಜನೆಯವರನ್ನು ಕಳಿಸಲು ಹೋದ. ನಡೆಯಲಾರದೆ ಮನೆಯಲ್ಲೇ ಉಳಿದಿದ್ದ ಪಕ್ಕೀರಮ್ಮ ದೀಪದ ಹತ್ತಿರ ಕುಳಿತು ಗೋಡೆಯನ್ನೇ ನೋಡುತ್ತಿದ್ದಳು.

“ಇದನ್ನ ಯಾರು ಬಡದರು ಇಲ್ಲಿ?”

“ಮಾವ. ಕಾಳಿನ ಕೋಣ್ಯಾಗ ಸಿಕ್ಕವು. ಇನ್ನೊಂದು ಅಲ್ಲೇ ಐತಿ ನೋಡು. ಎದಕಂತ ಗೊತ್ತಿಲ್ಲ ಚಿಗವ್ವ.”

ಪಕ್ಕೀರಮ್ಮ ಕೋಲಿನ ತುದಿಯಿಂದ ಗೋಡೆಯ ಕೊಂಡಿಯನ್ನು ಮುಟ್ಟಿದಳು.

“ಅವು ತೊಟ್ಟಿಲ ಕೊಂಡಿ,” ಎಂದಳು. “ಆರ್‌ಸಿಸಿ ಹಾಕೋ ಮೊದಲೇ ಕಂಬಿಗೆ ಕಟ್ಟಬೇಕಂತ, ಆಮ್ಯಾಲ ಬಡಿಯಾಕ ಬರಂಗಿಲ್ಲ. ಬಳ್ಳಾರಿಗೆ ಹೋಗಿ ಕಮ್ಮಾರನ ಮುಂದ ಕುಂತು ಮಾಡಿಸಿದಳು. ನಾನೂ ಹೋಗಿದ್ದೆ. ಯುಗಾದಿಗಿಂತ ಮುಂಚೆ ನೀನು ಬಂದಾಗಲೇ ನಿನ್ನ ಮುಖಾ ನೋಡಿ ಬಸಿರು ಅಂತ ಆಕಿಗೆ ತಿಳಿದಿತ್ತು, ಹೆರಿಗಿ ದೀಪಾವಳಿ ಹೊತ್ತಿಗೆ ಅಂತ ಲೆಕ್ಕಾ ಹಾಕಿದ್ದಳು.”

ಜಂಬಮ್ಮ ಎರಡನೆಯ ಕೊಂಡಿಯನ್ನು ಕೈಗೆ ತೆಗೆದುಕೊಂಡಳು.

ಮೊದಲ ಬಾಣಂತನದಲ್ಲಿ ಒಂದು ಸಂಜೆ ಮಾಳಿಗೆಯ ಜಂತಿಯಿಂದ ಚೇಳು ಬಿದ್ದಿತ್ತು. ತೊಟ್ಟಿಲಿನಿಂದ ಒಂದು ಮೊಳ ಆಚೆಗೆ. ಮಗುವಿಗೇನೂ ಆಗಲಿಲ್ಲ. ಆ ದಿನ ಮೊಮ್ಮಗುವನ್ನು ನೋಡಲು ಬಂದಿದ್ದ ಜಂಬಮ್ಮನ ಅತ್ತೆ, ಹೊರಡುವಾಗ ಬಾಗಿಲ ಹೊರಗೆ ದೊಡ್ಡಬಸಮ್ಮನನ್ನು ನಿಲ್ಲಿಸಿ ಆಡಿದ ಮಾತನ್ನು ಪಕ್ಕೀರಮ್ಮ ಈಗ ಹೇಳಿದಳು. ಇನ್ನೊಮ್ಮೆ ಈ ಮಣ್ಣಿನ ಮಾಳಿಗೆಯ ಕೆಳಗೆ ನಮ್ಮ ಕೂಸನ್ನು ಮಲಗಿಸುವುದಿಲ್ಲ, ಕರೆಯಲು ಬರಬೇಡಿ, ಬಂದರೆ ಕಳಿಸುವುದಿಲ್ಲ.

“ಅವ್ವ ನನಗ್ಯಾಕ ಹೇಳಲಿಲ್ಲ?” ಎಂದಳು ಜಂಬಮ್ಮ.

“ಹೇಳಿದ್ದರ ನೀನು ಅತ್ತಿ ಕೂಡ ಜಗಳಕ್ಕ ನಿಲ್ತಿದ್ದಿ. ಇಲ್ಲಂದ್ರ, ಹೋಗಲಿ ಬಿಡು ಅಂತ ಆ ಬಾಂಡಿಗೆ ಹೂಂ ಅಂತಿದ್ದಿ. ನೀನು ಲೆಕ್ಕಾ ತೋರಿಸಿದ ಮ್ಯಾಲ ಆಕಿಗೂ ತಿಳೀತು, ಆತ ಮುಳುಗಿಸಾಕ ಬಂದಾನಂತ. ಎರಡೂ ಬ್ಯಾಡಾಗಿತ್ತು ಆಕಿಗೆ.” ಪಕ್ಕೀರಮ್ಮ ಕೋಲು ಹಿಡಿದು ಎದ್ದಳು. “ತಾನು ಇರೋತನಕ ಬಾಯಿ ಬಿಡಬ್ಯಾಡ ಅಂದಿದ್ದಳು. ವರ್ಷಾ ದೀಪಾವಳಿಗೆ ಅವಕ್ಕ ಎಣ್ಣಿ ಹಚ್ಚತಿದ್ದಳು. ನಾ ನೋಡೀನಿ.”

ಅವಳು ನಿಧಾನವಾಗಿ ಬೀದಿ ದಾಟಿ ತನ್ನ ತಗಡಿನ ಮನೆಯೊಳಗೆ ಹೋದಳು.

ಜಂಬಮ್ಮ ಗೋಡೆಯ ಕೊಂಡಿಯನ್ನು ಹಿಡಿದು ಎಳೆದಳು. ಅದು ಅಲುಗಲಿಲ್ಲ, ಮಾವ ಗಟ್ಟಿಯಾಗಿ ಬಡಿದಿದ್ದ. ಅವ್ವನ ತಲೆ ಎತ್ತಿ ಹಿಡಿದಿದ್ದ ಬಿಳಿ ಬಟ್ಟೆಯ ಒಂದು ತುಂಡು ಅದರಲ್ಲೇ ಉಳಿದು ಗಾಳಿಗೆ ಆಡುತ್ತಿತ್ತು. ಕೈಯಲ್ಲಿದ್ದ ಇನ್ನೊಂದು ಕೊಂಡಿಯಿಂದ ಔಡಲೆಣ್ಣೆ ಅವಳ ಅಂಗೈಗೆ ಹತ್ತಿತ್ತು. ಅವಳು ತಲೆ ಎತ್ತಿ ಮಾಳಿಗೆಯನ್ನು ನೋಡಿ, ಅಭ್ಯಾಸಬಲದಿಂದ ಎಣಿಸಿದಳು.

ಒಂಬತ್ತು ತೊಲೆಯೂ ಇದ್ದವು. ಸಿರುಗುಪ್ಪದ ಟ್ರಂಕಿನಲ್ಲಿ ಪಟ್ಟಾ ಇತ್ತು, ಎರಡು ಸಾವಿರ ಬಡ್ಡಿಯೊಂದಿಗೆ ಬೆಳೆದಿತ್ತು. ಹೋದದ್ದು ಐದು ತಿಂಗಳು.