ನನಗೊಬ್ಬ ಅಣ್ಣ ಇದ್ದ

ನನ್ನ ತಂಗಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಮೈಕ್ ಸೆಟ್ ಹಾಕಲು ಬೇರೊಬ್ಬ ಹೋಗಬೇಕಿತ್ತು. ಅವನಿಗೆ ಜ್ವರವೆಂದು ಅಂಗಡಿ ಮಾಲೀಕ ನನ್ನನ್ನು ಅಟ್ಟಿದ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್: 'ಬಿದ್ದರೂ ಏಳೋಣ: ವಿದ್ಯಾರ್ಥಿಗಳ ಮನೋಸ್ಥೈರ್ಯ ಶಿಬಿರ.' ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನಾನು ಆ 'ಸ್ಥೈರ್ಯ'ದ ಒತ್ತಕ್ಷರಗಳ ಜೊತೆ ಸ್ವಲ್ಪ ಗುದ್ದಾಡಬೇಕಾಯಿತು.

ಮೊದಲು ಮಾತಾಡಲು ಬಂದವಳು ನನ್ನ ತಂಗಿ. ಅವಳು ಅಲ್ಲಿ ಓದುತ್ತಾಳೆಂದು ಗೊತ್ತು. ಭಾಷಣ ಮಾಡುತ್ತಾಳೆಂದು ಮನೆಯಲ್ಲಿ ಉಸಿರೆತ್ತಿರಲಿಲ್ಲ. ಕಾಲರ್ ಮೈಕ್ ಹಿಡಿದು 'ಏನೇ ಗುಬ್ಬಿ' ಎನ್ನಲು ಬಾಯಿ ತೆರೆದೆ. ಅವಳ ಮುಖ ಬಿಳುಚಿಕೊಂಡಿತು.

"ಅಣ್ಣ, ಸ್ವಲ್ಪ ಬೇಗ ಹಾಕಿ," ಎಂದಳು.

ಮನೆಯಲ್ಲಾಗಿದ್ದರೆ 'ಹಾಕೋ ಕೋತಿ' ಎನ್ನುತ್ತಿದ್ದಳು. ಪಕ್ಕದಲ್ಲೇ ಆಪ್ತ ಸಲಹೆಗಾರ್ತಿ ಮೇಡಂ ನಿಂತಿದ್ದರು. ಅಣ್ಣ ಎಂಬ ಮಾತಿನ ಅನುಕೂಲವೇ ಅದು. ಬಸ್ ಕಂಡಕ್ಟರೂ ಅಣ್ಣ, ಜೆರಾಕ್ಸ್ ಅಂಗಡಿಯವನೂ ಅಣ್ಣ, ಒಡಹುಟ್ಟಿದವನೂ ಅಣ್ಣ. ಯಾವ ಅಣ್ಣ ಎಂದು ತಿಳಿಯುವುದು ಆಮೇಲೆ ಬರುವ 'ಹಾಕೋ', 'ಹಾಕಿ'ಗಳಿಂದ. ನನ್ನ ಅಂಗಿಯ ತುಂಬ ಧೂಳಿತ್ತು. ಅವಳಿಗೆ ನಾಚಿಕೆಯಾಗಿರಬೇಕು, ಹಾಳಾಗಿ ಹೋಗಲಿ ಎಂದುಕೊಂಡು ಮಿಕ್ಸರ್ ಮುಂದೆ ಕೂತೆ.

"ನನಗೊಬ್ಬ ಅಣ್ಣ ಇದ್ದ," ಎಂದು ಶುರು ಮಾಡಿದಳು.

'ಇದ್ದಾನೆ' ಎನ್ನಲು ಹೋಗಿ ಬಾಯಿ ತಪ್ಪಿತೇನೋ. ಮಾತಿನ ಕೊನೆಗೆ ಅವಳ ದನಿ ಇಳಿದುಹೋಗುವುದು ಚಿಕ್ಕಂದಿನ ಅಭ್ಯಾಸ. ಹಿಂದಿನ ಸಾಲಿಗೂ ಕೇಳಲಿ ಎಂದು ವಾಲ್ಯೂಮ್ ಏರಿಸಿದೆ.

"ಹೋದ ವರ್ಷ ಆಕ್ಸಿಡೆಂಟಲ್ಲಿ ತೀರಿಕೊಂಡ."

ನನ್ನ ಸಾವನ್ನು ನಾನೇ ವಾಲ್ಯೂಮ್ ಏರಿಸಿ ಇಡೀ ಸಭಾಂಗಣಕ್ಕೆ ಕೇಳಿಸಿದ್ದೆ.

ಪರೀಕ್ಷೆಗೂ ಹೋಗದೆ ಹಾಸಿಗೆ ಹಿಡಿದದ್ದನ್ನು ಹೇಳಿದಳು. ಅದು ನಿಜ. "ಬಾಗಿಲಾಚೆ ಯಾರೂ ಇರಲಿಲ್ಲ. ನನ್ನನ್ನು ನಾನೇ ಎಬ್ಬಿಸಿಕೊಂಡೆ," ಎಂದಳು. ಬಾಗಿಲಾಚೆ ನಾನಿದ್ದೆ! ಕೆಲಸಕ್ಕೆ ಚಕ್ಕರ್ ಹೊಡೆದು, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಪಕ್ಕದ ಮನೆಯ ಗಂಡ ಹೆಂಡತಿಯ ಜಗಳವನ್ನು ಎರಡೂ ದನಿಯಲ್ಲಿ ಆಡಿ ತೋರಿಸುತ್ತಿದ್ದೆ. ಒಳಗಿಂದ ಒಂದು ದಿನ 'ಕಿಸಕ್' ಎಂದು ನಗು ಬರುವವರೆಗೂ ಬಿಡಲಿಲ್ಲ.

ಬೆರಳು ಮ್ಯೂಟ್ ಗುಂಡಿಯ ಮೇಲಿತ್ತು. ಒತ್ತಿದ್ದರೆ ಅವಳು ಎಲ್ಲರೆದುರು ಬರೀ ಬಾಯಿ ಆಡಿಸುವ ಗೊಂಬೆಯಾಗುತ್ತಿದ್ದಳು. ಒತ್ತಲಾಗಲಿಲ್ಲ, ಥೂ.

ಚಪ್ಪಾಳೆಯೋ ಚಪ್ಪಾಳೆ. ನಾಳೆಯಿಂದ ಕಿರಿಯ ವಿದ್ಯಾರ್ಥಿಗಳಿಗೆ ಇವಳೇ ಧೈರ್ಯ ಹೇಳುವ ಅಕ್ಕ ಎಂದು ಮೇಡಂ ಘೋಷಿಸಿದರು. ನಾನು ಮೈಕ್ ಬಿಚ್ಚುತ್ತಿದ್ದಾಗ ಕಣ್ಣೊರೆಸಿಕೊಂಡು, "ಇವಳ ಅಣ್ಣ ಇದ್ದಿದ್ರೆ ಎಷ್ಟು ಹೆಮ್ಮೆ ಪಡ್ತಿದ್ರು, ಅಲ್ವೇನಪ್ಪಾ?" ಎಂದರು.

ಕಪಾಳಕ್ಕೆ ಬಿಗೀತಿದ್ದ ಎನ್ನುವುದು ನಾಲಿಗೆ ತುದಿಗೆ ಬಂತು. "ಹೂಂ ಮೇಡಂ, ಪುಣ್ಯವಂತ," ಎಂದೆ.

"ಥ್ಯಾಂಕ್ಸ್ ಅಣ್ಣ," ಎಂದಳು ತಂಗಿ, ನನ್ನ ಕಡೆ ನೋಡದೆ.

ವ್ಯಾನಿಗೆ ಸ್ಪೀಕರ್ ಏರಿಸುವಾಗ ಓಡಿಬಂದಳು. "ಲೋ, ನಿಲ್ಲೋ!"

"ಯಾಕೇ ಸಾಯಿಸ್ದೆ ನನ್ನ?"

"ಮೊದಲ್ನೇ ಸಲ ಕೌನ್ಸೆಲಿಂಗಿಗೆ ಹೋದಾಗ ಮೇಡಂ 'ಏನಾಯ್ತು' ಅಂತ ಕೇಳಿದ್ರು. ಏನೂ ಆಗಿರ್ಲಿಲ್ಲ ಕಣೋ. ಏನೂ ಆಗ್ದೆ ಬಿದ್ಕೊಂಡಿದ್ದೆ ಅಂದ್ರೆ ಸೋಮಾರಿ ಅಂದ್ಕೋತಾರೆ ಅನ್ನಿಸ್ತು. ಬಾಯಿಗೆ ನೀನು ಬಂದೆ."

"ಅಜ್ಜಿ ಬರ್ಬಾರ್ದಿತ್ತಾ? ಹೇಗೂ ಸತ್ತಿದಾಳಲ್ಲ!"

"ಅಜ್ಜಿ ಹೋಗಿದ್ದಕ್ಕೆ ಯಾರೋ ಹಾಗೆ ಮಲಗ್ತಾರೆ? ನೀನು ಹೋದ್ರೆ ಮಾತ್ರ ನಾನು ಹಾಗಾಗೋದು."

ಕೈಯಲ್ಲಿದ್ದ ಸ್ಪೀಕರನ್ನು ಕೆಳಗಿಟ್ಟೆ. ಇನ್ನೇನು ಕರಗುವವನಿದ್ದೆ.

"ಸಾಯಿಸಿದ್ದು ಬಿಡು, ಗುಬ್ಬಿ. ಬಾಗಿಲ ಹತ್ರ ಯಾರೂ ಇರ್ಲಿಲ್ಲ ಅಂದ್ಯಲ್ಲೇ."

"ಸತ್ತೋನು ಬಾಗಿಲ ಹತ್ರ ಹೇಗೋ ಕೂರ್ತಾನೆ?" ಎಂದಳು, ಲೆಕ್ಕ ಬಿಡಿಸಿ ತೋರಿಸುವವಳಂತೆ.

"ಹಾಗಾದ್ರೆ ಈಗ್ಲೇ ಹೋಗಿ ಹೇಳು. ಬದುಕಿದಾನೆ, ಹೊರಗೆ ವ್ಯಾನ್ ಹತ್ರ ಇದಾನೆ ಅನ್ನು. ನಾನೂ ಬರ್ತೀನಿ."

ಅವಳು ತುಟಿ ಕಚ್ಚಿದಳು. ಒಂದು ಹೆಜ್ಜೆ ಸಭಾಂಗಣದ ಕಡೆ ಇಟ್ಟಳು ಕೂಡ. ಅಷ್ಟರಲ್ಲಿ ಮೇಡಂ ಮೆಟ್ಟಿಲ ಮೇಲೆ ಕಾಣಿಸಿಕೊಂಡು, "ಬಾಮ್ಮಾ, ಫೋಟೋಗೆ ಎಲ್ಲಾ ಕಾಯ್ತಿದಾರೆ. ಯಾರದು?" ಎಂದು ಕೂಗಿದರು.

ತಂಗಿ ನನ್ನನ್ನು ನೋಡಿದಳು. ಆಮೇಲೆ ದನಿ ಸ್ವಲ್ಪವೂ ಇಳಿಯದಂತೆ, ಮೆಟ್ಟಿಲಿಗೂ ಕೇಳುವ ಹಾಗೆ ಹೇಳಿದಳು: "ಮೈಕ್‌ನೋರು ಮೇಡಂ. ಅಣ್ಣ, ನೀವು ಹೊರಡಿ."

ಮೊದಲ ಸಲ ಮೇಡಂ ಮುಂದೆ ಸಾಯಿಸಿದಾಗ ನಾನು ಎದುರಿಗಿರಲಿಲ್ಲ.

"ಆಗ್ಲಿ ಮೇಡಂ, ನೀವು ಹೋಗಿ," ಎಂದೆ ತಂಗಿಗೆ. ಹೋಗುತ್ತಿದ್ದವಳು ತಟಕ್ಕನೆ ನಿಂತಳು. ತಿರುಗಲಿಲ್ಲ. ಮತ್ತೆ ನಡೆದಳು.

ಸಂಜೆ ಮನೆಗೆ ಬರುತ್ತಾಳೆ. ಏನೂ ಆಗಿಲ್ಲವೆಂಬಂತೆ 'ಲೋ ಕೋತಿ, ಊಟ ಆಯ್ತೇನೋ' ಎನ್ನುತ್ತಾಳೆ. ಉತ್ತರವನ್ನು ದಾರಿಯುದ್ದಕ್ಕೂ ವ್ಯಾನಿನಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ: "ಆಯ್ತು. ನಿಮ್ಮದು?"