ಬಿಡಿ ಕೂಲಿಯ ತೂಕ

ಗಂಡ ದೂರದ ಹಡಗುಕಟ್ಟೆಯಲ್ಲಿ ವೆಲ್ಡರ್. ಅಲ್ಲಿನ ಗುತ್ತಿಗೆದಾರ ಕೂಲಿ ಕೊಡುತ್ತಿದ್ದದ್ದು ಬಿಟ್‌ಕಾಯಿನ್ ಚೂರುಗಳಲ್ಲಿ. ಪುಣ್ಯಾತ್ಮ ಅದನ್ನು ಕೂಡಿಡದೆ ದಿನಾ ಸಂಜೆ ಹೆಂಡತಿಯ ಫೋನಿಗೆ ಕಳಿಸಿಬಿಡುತ್ತಿದ್ದ. ಮಾತಿನಲ್ಲಿ ಮಹಾ ಜಿಪುಣ. ಚೂರು ಬಂತೆಂದರೆ ಆಸಾಮಿಯ ಕೈಕಾಲು ನೆಟ್ಟಗಿವೆ ಎಂದು ಇವಳೇ ತಿಳಿದುಕೊಳ್ಳಬೇಕು.

"ಅತ್ತಿಗೆ, ಈಗ ಕಳಿಸೋ ಶುಲ್ಕ ಅಗ್ಗ. ಎಲ್ಲಾ ಸೇರಿಸಿ ಒಂದು ಗಂಟು ಮಾಡ್ಕೊಳ್ಳಿ," ಎಂದು ಫೋನ್ ರಿಪೇರಿ ಮಾಡುವ ಮೈದುನ ಬಡಕೊಂಡಿದ್ದ.

"ಸೇರಿಸಿಬಿಟ್ರೆ ಯಾವ ದಿನದ್ದು ಯಾವುದು ಅಂತ ಹೇಗೋ ಗೊತ್ತಾಗುತ್ತೆ? ನಿಮ್ಮಣ್ಣ ನನ್ನ ಹತ್ರ ಮಾತಾಡಿರೋದೇ ಅಷ್ಟು. ಇರಲಿ ಬಿಡು."

ಒಂದು ಮಂಗಳವಾರ ಚೂರು ಬರಲಿಲ್ಲ. ಬುಧವಾರ ಸಾವಿನ ಸುದ್ದಿ ಬಂತು. ಶವ ಕಳಿಸುವ ಕಂಪನಿಯವರು, ನಾಳೆ ಸಂಜೆಯೊಳಗೆ ಬಿಟ್‌ಕಾಯಿನ್‌ನಲ್ಲೇ ಪೂರ್ತಿ ಹಣ ಸೇರಬೇಕು, ಇಲ್ಲದಿದ್ದರೆ ಅಲ್ಲೇ ಮಣ್ಣು ಮಾಡುತ್ತೇವೆ ಎಂದರು. ಅವಳಲ್ಲಿ ಸರಿಯಾಗಿ ಅಷ್ಟೇ ಇತ್ತು, ಮೇಲೊಂದಿಷ್ಟು ಪುಡಿಗಾಸು.

ಮೈದುನ ಫೋನ್ ಹಿಡಿದು ಕೂತವನು ತಲೆಯೆತ್ತಲಿಲ್ಲ.

"ಶುಲ್ಕ ಹಣದ ಮೇಲಲ್ಲ ಅತ್ತಿಗೆ, ಗಾತ್ರದ ಮೇಲೆ. ಕೋಟಿಯಾದ್ರೂ ಒಂದೇ ಗಂಟಾಗಿದ್ರೆ ಹಗುರ. ನಿಮ್ಮದು ಎರಡು ವರ್ಷದ ಚೂರು, ಒಂದೊಂದಕ್ಕೂ ಬೇರೆ ಸಹಿ, ಅದಕ್ಕೇ ಭಾರ. ಬ್ಲಾಕ್ ಅಂದ್ರೆ ಹತ್ತು ನಿಮಿಷಕ್ಕೊಂದು ಹೊರಡೋ ಬಸ್ಸಿದ್ದ ಹಾಗೆ, ಅದರಲ್ಲಿ ಜಾಗ ಇರೋದೇ ಇಷ್ಟು. ಜಾಗಕ್ಕೆ ಯಾರು ಹೆಚ್ಚು ಕೊಡ್ತಾರೋ ಅವರು ಮೊದಲು. ಇವತ್ತು ನೂಕುನುಗ್ಗಲು. ಸರಿಯಾದ ಶುಲ್ಕ ಕಟ್ಟಿದ್ರೆ ಆರರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತೆ, ಅವರಿಗೆ ಪೂರ್ತಿ ಸೇರಲ್ಲ."

"ಕಮ್ಮಿ ಕಟ್ಟಿದ್ರೆ?"

"ಸಾಲಲ್ಲಿ ಹಿಂದೆ ನಿಲ್ತೀವಿ."

ಸಾಲಕ್ಕೆ ಅಲೆದದ್ದೂ ಆಯಿತು. ಅವಳು ಇಸ್ತ್ರಿ ಹಾಕುವ ಲಾಂಡ್ರಿಯ ಯಜಮಾನ ಕೈಯೆತ್ತಿದ. ಆ ಮನುಷ್ಯ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಕೊನೆಗೆ ಕಮ್ಮಿ ಶುಲ್ಕಕ್ಕೇ ಕಳಿಸಿದರು.

ಗುರುವಾರ ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತು ಮಾಡುವುದೇನಿತ್ತು? ಕಾಲರು, ತೋಳು, ಬೆನ್ನು, ಮತ್ತೆ ಕಾಲರು. ಮೈದುನ ಮೂಲೆಯ ಸ್ಟೂಲಿನಿಂದ "ಈ ಬ್ಲಾಕಲ್ಲೂ ಇಲ್ಲ" ಅನ್ನುತ್ತಿದ್ದ, ಅವಳು "ಹೂಂ" ಅನ್ನುತ್ತಿದ್ದಳು. ಬೆರಳಿಗೆ ಇಸ್ತ್ರಿ ತಾಗಿ ಬೊಬ್ಬೆ ಎದ್ದಿದ್ದನ್ನು ಪಕ್ಕದವಳು ತೋರಿಸಿದ ಮೇಲೇ ನೋಡಿಕೊಂಡಳು. ಸಂಜೆ ಕಂಪನಿಯವರ ಫೋನ್ ಬಂತು. ಹಣ ಬರಲಿಲ್ಲವಂತೆ, ಮಣ್ಣು ಮಾಡಿದರಂತೆ.

ಭಾನುವಾರ ನೂಕುನುಗ್ಗಲು ಇಳಿದು ಹಣ ಹೋಗಿ ಸೇರಿತು. ಕಂಪನಿಯವರು ಪ್ರಾಮಾಣಿಕರೇ, ಪೂರ್ತಿ ವಾಪಸ್ ಕಳಿಸಿದರು, ಒಂದೇ ಗಂಟಾಗಿ. ಅವಳು ಫೋನ್ ತೆರೆದಳು. ದಿನಗಳೆಲ್ಲ ಸಾಲಾಗಿ ಹಾಗೇ ಇದ್ದವು, ಪ್ರತಿಯೊಂದರ ಪಕ್ಕದಲ್ಲೂ 'ಖರ್ಚಾಗಿದೆ' ಎಂದಿತ್ತು. ಅಳು ಬರಬೇಕಿತ್ತು, ಬರಲಿಲ್ಲ.

"ಈಗ ಹಗುರ ಅತ್ತಿಗೆ," ಎಂದ ಮೈದುನ, ಏನಾದರೂ ಹೇಳಬೇಕಲ್ಲ ಎಂದು. "ಎಲ್ಲಿಗೆ ಬೇಕಾದ್ರೂ ಕಳಿಸ್ಬಹುದು, ಖರ್ಚೇ ಇಲ್ಲ."

"ಯಾರನ್ನ ಕರೆಸ್ಕೊಳ್ಳೋಕಪ್ಪಾ?" ಎಂದಳು ಅವಳು.